ಒಂದೂ ಕರೆ ಬಾರದ ಬೀದಿ

ಜನವರಿ ೧೨, ಭಾನುವಾರ

ಹಳದಿ ಗೇಟಿನ ಮನೆ ನೋಡಿಕೊಂಡು ಬಂದೆವು. ಬೇಡ ಎಂದೆ.

ಮಗನಿಗೆ ಇಷ್ಟವಾಗಿತ್ತು. ಅವನು ಬಸ್ ಓಡಿಸುವವನು, ಯಾವ ಬೀದಿಗೆ ಹೋದರೂ ಮೊದಲು ಗಾಡಿ ತಿರುಗಿಸಲು ಜಾಗವಿದೆಯೇ ಎಂದು ನೋಡುತ್ತಾನೆ. ಅಲ್ಲಿ ಇತ್ತು. ಸೊಸೆಗೂ ಇಷ್ಟವಾಗಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಗಿರಾಕಿಗಳಿಗೆ ಗಾಜು ಬದಲಿಸಿ ಬದಲಿಸಿ ಮೊದಲನೆಯದು ಚೆನ್ನಾಗಿ ಕಾಣುತ್ತದೋ ಎರಡನೆಯದೋ ಎಂದು ಕೇಳಿ ಕೇಳಿ, ಆ ಚಾಳಿ ಮನೆಗೂ ಬಂದಿದೆ. ಕಿಟಕಿ ಒಮ್ಮೆ ತೆರೆದು, ಒಮ್ಮೆ ಮುಚ್ಚಿ, "ಅತ್ತೆ, ಬೆಳಕು ಹೀಗೆ ಚೆನ್ನಾಗಿದೆಯಾ, ಹೀಗಾ?" ಎಂದಳು. ನಾನು ಬೆಳಕು ನೋಡಲೇ ಇಲ್ಲ. ಪಕ್ಕದ ಮನೆಯನ್ನು ನೋಡುತ್ತಿದ್ದೆ. ಆ ಮನೆಯಿಂದ ನನಗೊಂದು ಕರೆ ಬಂದಿತ್ತು.

"ಪಕ್ಕದಲ್ಲಿ ಬೆಂಕಿ ಬಿದ್ದಿತ್ತು," ಎಂದೆ.

"ಯಾವಾಗ ಅಮ್ಮಾ?" ಎಂದ ದಲ್ಲಾಳಿ. ಸದಾ ಹಲ್ಲು ಕಿರಿಯುವ ಮನುಷ್ಯ, ನಾನು ಅವನಿಗೆ ನಗುಮುಖ ಎಂದೇ ಹೆಸರಿಟ್ಟಿದ್ದೇನೆ.

"ಇವನು ಮೂರನೇ ಕ್ಲಾಸಲ್ಲಿದ್ದಾಗ."

ನಗುಮುಖ ಇನ್ನಷ್ಟು ನಕ್ಕ. ಮಗ ತಲೆ ಕೆರೆದುಕೊಂಡ. ಸೊಸೆ ಮಾತ್ರ, "ಆಮೇಲೆ ಏನಾಯ್ತು ಅತ್ತೆ?" ಎಂದಳು. ಏನಾಗಬೇಕು? ಗಾಡಿ ಕಳಿಸಿದೆ, ಗಾಡಿ ತಲುಪಿತು, ಮುಂದಿನ ಕರೆ ತೆಗೆದುಕೊಂಡೆ. ಆ ಹುಡುಗಿಗೆ ಎಲ್ಲದಕ್ಕೂ ಒಂದು ಆಮೇಲೆ ಬೇಕು.

ಮೂವತ್ತು ವರ್ಷ ಕಂಟ್ರೋಲ್ ರೂಮಿನಲ್ಲಿ ಕೂತು ಈ ಊರಿನ ತುರ್ತು ಕರೆ ತೆಗೆದುಕೊಂಡವಳು ನಾನು. ಬೆಂಕಿ, ನೀರು, ಹೆರಿಗೆ, ಬಿದ್ದವರು, ಸಿಕ್ಕಿಹಾಕಿಕೊಂಡವರು, ಎಲ್ಲ ಈ ಕಿವಿಯ ಮೂಲಕವೇ ಹೋಗಿದ್ದಾರೆ. ಉಳಿದವರಿಗೆ ಊರು ಕಣ್ಣಿನಿಂದ ಗೊತ್ತು, ನನಗೆ ಕಿವಿಯಿಂದ ಗೊತ್ತು. ಬೀದಿಯ ಹೆಸರು ಹೇಳಿದರೆ ಸಾಕು, ಅಲ್ಲಿ ಏನಾಗಿತ್ತು ಎಂದು ಹೇಳುತ್ತೇನೆ. ಇಂಥವಳನ್ನು ಮನೆಯಲ್ಲಿಟ್ಟುಕೊಂಡು ಇವರು ದಲ್ಲಾಳಿಯ ಮಾತು ಕೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ.

ಮೇ ಕೊನೆಗೆ ಈ ಬಾಡಿಗೆ ಮನೆ ಬಿಡಬೇಕು. ಮಾಲೀಕನ ಮಗನಿಗೆ ಮದುವೆಯಂತೆ. ಸೊಸೆಗೆ ಈಗ ಮೂರು ತಿಂಗಳು. ಕೂಸು ಬರುವ ಮೊದಲು ಒಂದು ಸೂರು ಆಗಬೇಕು, ಅದು ಗಟ್ಟಿ ಸೂರಾಗಿರಬೇಕು. ನನ್ನ ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಅದಕ್ಕೇ ಇಟ್ಟಿದ್ದೇನೆ. ಎರಡನೇ ಸಲ ಕೊಳ್ಳುವ ಶಕ್ತಿ ನಮಗಿಲ್ಲ.

ಜನವರಿ ೨೬, ಭಾನುವಾರ

ಇವತ್ತು ಮೂರು ಮನೆ. ಒಂದರ ಬೀದಿಯಲ್ಲಿ ಸಿಲಿಂಡರ್ ಸಿಡಿದಿತ್ತು. ಇನ್ನೊಂದರ ಹಿಂದಿನ ಗುಡ್ಡ ಒಂದು ಮಳೆಗಾಲದಲ್ಲಿ ಕುಸಿದು ದನದ ಕೊಟ್ಟಿಗೆ ಮುಚ್ಚಿತ್ತು. ಮೂರನೆಯದರ ಎದುರಿಗೆ ಒಬ್ಬ ಮುದುಕ ಮೆಟ್ಟಿಲಿಂದ ಬಿದ್ದಿದ್ದ.

"ಮೆಟ್ಟಿಲಿಂದ ಬೀಳೋದು ಬೀದಿ ತಪ್ಪಾ ಅಮ್ಮ?" ಎಂದ ಮಗ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮನೆ ಕೊಂಡು ನೋಡಿರಲಿಲ್ಲ. ಸೊಸೆಯ ಕಾಲು ಊದಿಕೊಂಡಿತ್ತು. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ಅವಳು ಏನೂ ಹೇಳಲಿಲ್ಲ. ಹೇಳದೆಯೇ ಹೇಳುವ ಕಲೆ ಅವಳಿಗೆ ಚೆನ್ನಾಗಿ ಬರುತ್ತದೆ.

ಫೆಬ್ರವರಿ ೨, ಭಾನುವಾರ

ಸಿಕ್ಕಿತು.

ಹೊಳೆಯಿಂದ ಎರಡು ಬೀದಿ ಈಚೆ. ತಿರುವಿನಲ್ಲಿ ಬೀದಿಯ ಹೆಸರಿನ ಫಲಕ ಓದಿ ಅಲ್ಲೇ ನಿಂತುಬಿಟ್ಟೆ. ನೆನಪನ್ನೆಲ್ಲ ಕೆದಕಿದೆ. ಏನೂ ಸಿಗಲಿಲ್ಲ. ಮೂವತ್ತು ವರ್ಷದಲ್ಲಿ ಆ ಬೀದಿಯಿಂದ ಒಂದೇ ಒಂದು ಕರೆ ನನಗೆ ಬಂದಿಲ್ಲ. ಬೆಂಕಿ ಇಲ್ಲ, ಹಾವು ಇಲ್ಲ, ಬಾವಿಗೆ ಬಿದ್ದ ಬೆಕ್ಕು ಕೂಡ ಇಲ್ಲ. ಹೊಳೆ ಉಕ್ಕಿ ದೊಡ್ಡ ನೀರು ಬಂದ ವರ್ಷ ಊರಿನ ಮೂಲೆ ಮೂಲೆಯಿಂದ ಕಿರುಚಾಟ ಕೇಳಿದ್ದೇನೆ, ಆ ಬೀದಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬಿಸಿಲಿನಲ್ಲಿ ನಿಂತು ನನಗೆ ಅಳು ಬಂತು. ಯಾಕೆಂದು ಗೊತ್ತಿಲ್ಲ. ಸೆರಗಿನಲ್ಲಿ ಮುಖದ ಬೆವರು ಒರೆಸಿಕೊಂಡವಳಂತೆ ಮಾಡಿದೆ.

ಕೆಳಗೆ ಎರಡು ಕೋಣೆ, ಮೇಲೆ ಎರಡು. ಅಂಗಳದಲ್ಲಿ ಒಂದು ನಿಂಬೆ ಗಿಡ. ಹೊಳೆಯ ಕಡೆಯಿಂದ ತಂಪು ಗಾಳಿ. ಹಳದಿ ಗೇಟಿನ ಮನೆಗಿಂತ ಅಗ್ಗ.

ಸೊಸೆ ಸುಮ್ಮನಿರಬೇಕಲ್ಲ. "ಪ್ಲಗ್ ಪಾಯಿಂಟೆಲ್ಲ ನನ್ನ ಭುಜದ ಎತ್ತರಕ್ಕಿದೆ, ಯಾಕೆ?" ಎಂದು ಕೇಳಿದಳು.

"ಮಕ್ಕಳ ಕೈಗೆ ಸಿಗಬಾರದು ಅಂತ ಮೇಡಂ," ಎಂದ ನಗುಮುಖ.

"ಗೋಡೆಗೆ ಕೆಳಗೊಂದು ಬಣ್ಣ ಮೇಲೊಂದು ಬಣ್ಣ ಇದೆಯಲ್ಲ?"

"ಈಗ ಅದೇ ಫ್ಯಾಷನ್ನು."

"ಮಗೂಗೆ ಒಳ್ಳೇದೇ ಆಯ್ತಲ್ಲ," ಎಂದೆ ನಾನು. ಅವಳು ಗೋಡೆಯನ್ನು ಕೈಯಿಂದ ಸವರಿ, ಬೆರಳು ಮೂಸಿ ನೋಡಿದಳು. ಕೊಳ್ಳುವ ಮನೆಯ ಗೋಡೆಯನ್ನು ಮೂಸುವವಳನ್ನು ಇದೇ ಮೊದಲು ಕಂಡೆ.

ಫೆಬ್ರವರಿ ೬, ಗುರುವಾರ

ಮಹಾರಾಣಿ ಇವತ್ತು ಅರ್ಧ ದಿನ ರಜೆ ಹಾಕಿ ನಗರ ಯೋಜನೆ ಕಚೇರಿಗೆ ಹೋಗಿದ್ದಾಳೆ. ನನ್ನನ್ನು ಒಂದು ಮಾತು ಕೇಳಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬಾಯಿ ಬಿಟ್ಟಳು.

"ಅತ್ತೆ, ಅಲ್ಲಿ ಊರಿನ ದೊಡ್ಡ ನಕ್ಷೆ ಇದೆ. ಆ ಬೀದಿಗೆ ತಿಳಿ ನೀಲಿ ಬಣ್ಣ ಹಾಕಿದ್ದಾರೆ. ನೀರು ನಿಲ್ಲೋ ಜಾಗ ಅಂತೆ. ಇರೋ ಮನೆ ಹಾಗೇ ಇರಬಹುದು, ಆದ್ರೆ ಒಂದು ಕೋಣೆ ಕೂಡ ಹೆಚ್ಚಿಗೆ ಕಟ್ಟೋಕೆ ಪರವಾನಗಿ ಕೊಡಲ್ಲ. ಹೊಸ ಮನೆ ಕಟ್ಟೋರಿಗೆ ಕೆಳಗಡೆ ಮಲಗೋ ಕೋಣೆ ಮಾಡಬಾರದು ಅಂತ ರೂಲ್ಸ್ ಇದೆ. ಯಾಕಿರಬಹುದು ಹೇಳಿ?"

"ಆ ನಕ್ಷೆ ಬರೆದೋರು ಆ ಬೀದಿ ಕಂಡಿದಾರಾ? ಫ್ಯಾನ್ ಕೆಳಗೆ ಕೂತು ನೀಲಿ ಬಳಿದಿರ್ತಾರೆ. ದೊಡ್ಡ ನೀರು ಬಂದಾಗ ನಾನು ಮನೆಗೇ ಬಂದಿರಲಿಲ್ಲ, ಕೇಳು ನಿನ್ನ ಗಂಡನ್ನ. ಊರಿಗೆ ಊರೇ ಫೋನ್ ಮಾಡ್ತು. ಆ ಬೀದಿ ಮಾಡ್ಲಿಲ್ಲ."

"ಫೋನ್ ಮಾಡ್ಲಿಲ್ಲ ಅಂದ್ರೆ ನೀರು ಬರ್ಲಿಲ್ಲ ಅಂತಾನಾ?"

"ಮತ್ತೆ? ಸೊಂಟದ ಮಟ್ಟ ನೀರಲ್ಲಿ ಕೂತು ಹಾಡು ಹೇಳ್ತಿದ್ರಾ?"

ಮಗ ನಕ್ಕುಬಿಟ್ಟ. ನಕ್ಕ ಮೇಲೆ ಹೆಂಡತಿಯ ಮುಖ ನೋಡಿ ತಟ್ಟೆಗೆ ತಲೆ ಬಗ್ಗಿಸಿದ. ಅವಳು ಮೆಲ್ಲಗೆ, "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಅತ್ತೆ. ಆದ್ರೆ ಕಣ್ಣಿಗೆ ಕಂಡಿದ್ದನ್ನ ಹೇಳದೆ ಹೇಗಿರಲಿ?" ಎಂದಳು.

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆಗಲಿಲ್ಲ. "ಕಣ್ಣು ಪರೀಕ್ಷೆನ ಅಂಗಡೀಲಿಟ್ಕೋ. ಈ ಮನೆಗೆ ಹೋಗ್ತಿರೋದು ನನ್ನ ದುಡ್ಡು," ಎಂದೆ.

ಅವಳು ಅರ್ಧ ಊಟ ಬಿಟ್ಟು ಎದ್ದುಹೋದಳು. ನಾವಿಬ್ಬರೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಾಗಿದ್ದೇವೆ. ಯಾರು ಎತ್ತು ಎಂದು ಮಗನನ್ನು ಕೇಳಬಾರದು, ಪಾಪ.

ಫೆಬ್ರವರಿ ೭, ಶುಕ್ರವಾರ

ಸೊಸೆ ಬೆಳಿಗ್ಗೆ ಮಾತಾಡದೆ ಕೆಲಸಕ್ಕೆ ಹೋದಳು. ನಾನೂ ಮಾತಾಡಲಿಲ್ಲ. ಊಟದ ಡಬ್ಬಿ ಮರೆತಿದ್ದಳು, ಮಗನ ಕೈಲಿ ಕಳಿಸಿದೆ. ಹೊಟ್ಟೆಯಲ್ಲಿರುವುದಕ್ಕೆ ಕೋಪ ತೋರಿಸಿ ಏನು ಉಪಯೋಗ.

ಫೆಬ್ರವರಿ ೧೧, ಮಂಗಳವಾರ

ಸೊಸೆ ಒಪ್ಪಿದಳು. ನಿನ್ನೆ ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತು, ತಾನೂ ನಾಲ್ಕು ಬಟ್ಟೆ ಮಡಚಿ, "ಆಯ್ತು ಅತ್ತೆ. ಇಷ್ಟು ವರ್ಷ ಕೇಳಿರೋರು ನೀವು. ನಾನು ನೋಡಿದ್ದು ಒಂದು ನಕ್ಷೆ ಅಷ್ಟೇ," ಎಂದಳು. ಗೆದ್ದ ಖುಷಿ ಆಗಬೇಕಿತ್ತು. ಅವಳ ದನಿ ತುಂಬಾ ದಣಿದಿತ್ತು, ಅದಕ್ಕೇ ಆಗಲಿಲ್ಲವೇನೋ.

ಇವತ್ತು ನಾಲ್ವರೂ ಮತ್ತೆ ಆ ಮನೆಗೆ ಹೋಗಿ ಬಂದೆವು, ನಗುಮುಖನೂ ಸೇರಿ. ಸೋಮವಾರ ಮುಂಗಡ ಕೊಡುವುದು ಎಂದಾಯಿತು. ಮೆಟ್ಟಿಲು ಹತ್ತಲು ನನ್ನ ಮಂಡಿ ಬಿಡುವುದಿಲ್ಲ, ಹಾಗಾಗಿ ಕೆಳಗಿನ ಕೋಣೆ ನನಗೆ. ಅವಳು ಕೆಲಸಕ್ಕೆ ಹೋದಾಗ ಮಗು ನನ್ನ ಜೊತೆಯೇ ಇರಬೇಕಲ್ಲ, ತೊಟ್ಟಿಲು ಕೂಡ ಅಲ್ಲೇ. ಕಿಟಕಿಯ ಕೆಳಗೆ, ಗೋಡೆಗೆ ತಾಗಿದ ಹಾಗೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವಳೇ ಗುರುತು ಹಾಕಿದಳು. "ಇಲ್ಲಿ ಚೆನ್ನಾಗಿದೆಯಾ ಅತ್ತೆ, ಅಲ್ಲಾ?" ಎಂದು ಕೇಳಿದಳು. ಇಲ್ಲೇ ಎಂದೆ.

ಫೆಬ್ರವರಿ ೧೫, ಶನಿವಾರ

ಪರದೆಯ ಅಳತೆಗೆ ಹೋಗಿದ್ದೆ. ತಲೆನೋವು. ಇವತ್ತು ಬರೆಯುವುದಿಲ್ಲ.

ಫೆಬ್ರವರಿ ೧೬, ಭಾನುವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ನಗುಮುಖನಿಂದ ಕೀ ಇಸಿದುಕೊಂಡು ಒಬ್ಬಳೇ ಹೋಗಿದ್ದೆ. ಪಕ್ಕದ ಮನೆಯ ಮಹಡಿಯಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ಸರಿ, ದರ್ಜಿ ಪಕ್ಕದಲ್ಲೇ ಇದ್ದಾಳೆ, ಪರದೆ ಅವಳಿಗೇ ಕೊಡೋಣವೆಂದು ಕರೆದೆ. ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಬಂದಳು. ನನ್ನದೇ ವಯಸ್ಸು, ಬಾಯಿ ನನಗಿಂತ ಜೋರು. ಕಿಟಕಿ ಅಳೆಯುತ್ತಾ, "ಪರದೆ ಕಿಟಕಿಗೇ ಮುಗಿಸ್ಲಾ ಅಮ್ಮ?" ಎಂದಳು.

"ಬೇಡ, ನೆಲ ಮುಟ್ಟೋ ಹಾಗೆ ಇರ್ಲಿ. ನೋಡೋಕೆ ಲಕ್ಷಣವಾಗಿರುತ್ತೆ."

"ಲಕ್ಷಣ ಇರುತ್ತೆ. ಆದ್ರೆ ಈ ಬೀದೀಲಿ ಯಾರೂ ನೆಲ ಮುಟ್ಟೋ ಪರದೆ ಹೊಲಿಸಲ್ಲ. ನೀರು ಹೀರ್ಕೊಂಡ್ರೆ ಆ ನಾತ ಎಷ್ಟು ಒಗೆದ್ರೂ ಹೋಗಲ್ಲ."

"ಯಾವ ನೀರು?"

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹೊಳೆ ನೀರಮ್ಮ. ಪ್ರತಿ ವರ್ಷ ಬರುತ್ತೆ ಅಂತ ಹೇಳ್ತಿಲ್ಲ. ಬಂದಾಗ ಇಲ್ಲಿವರೆಗೆ," ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದಳು. ಎರಡು ಬಣ್ಣ ಸೇರುವ ಜಾಗ ಅದು. "ಅದಕ್ಕೇ ನನ್ನ ಮೆಷಿನ್ ಮಹಡೀಲೇ ಇರೋದು. ಅದನ್ನ ಹೊತ್ಕೊಂಡು ಓಡೋಕಾಗುತ್ತಾ?"

ಆ ಗೆರೆಯನ್ನು ನಾನೂ ಮುಟ್ಟಿ ನೋಡಿದೆ. ಆದರೂ ಕೇಳಿದೆ. "ಮತ್ತೆ ನೀವ್ಯಾರೂ ಫೋನ್ ಮಾಡ್ಲೇ ಇಲ್ವಾ?"

"ಮಾಡದೆ? ಕೈ ಸೋತು ಹೋಗೋವರೆಗೂ ಮಾಡಿದ್ವಿ. ಆಚೆ ದಡದೋರು ದೋಣಿ ತಗೊಂಡು ಬಂದ್ರು. ನಮ್ಮ ಬೀದಿಗೆ ಫೋನ್ ತಂತಿ ಮೊದಲಿಂದಲೂ ಆಚೆ ದಡದಿಂದಾನೇ. ಮೊಬೈಲ್ ಬಂದ್ಮೇಲೂ ಟವರ್ ಆಚೆದೇ. ನಾವು ಕೂಗಿದ್ರೆ ಕೇಳೋದು ಅವರಿಗೇ."

ಆಚೆ ದಡಕ್ಕೆ ಬೇರೆ ಕಂಟ್ರೋಲ್ ರೂಮಿದೆ. ಅಲ್ಲಿ ಬೇರೆ ಯಾರೋ ಕೂರುತ್ತಿದ್ದರು. ನನ್ನಂಥವಳೇ ಯಾರೋ. ಆ ಬೀದಿಯ ಪ್ರತಿಯೊಂದು ಕಿರುಚಾಟವೂ ಅವಳ ಕಿವಿಗೆ ಹೋಗಿದೆ. ನನ್ನ ಕಿವಿಗೆ ಬರಲಿಲ್ಲ, ಅದಕ್ಕೇ ನಾನು ಅಲ್ಲಿ ಏನೂ ಆಗಿಲ್ಲ ಎಂದುಕೊಂಡೆ. ಸೊಸೆ ಇದನ್ನೇ ಕೇಳಿದ್ದಳು, ಇದೇ ಮಾತಿನಲ್ಲಿ. ನಾನು ಹಾಡಿನ ತಮಾಷೆ ಮಾಡಿದೆ.

ದರ್ಜಿ ಹೋದ ಮೇಲೆ ಕೆಳಗಿನ ಕೋಣೆಯಲ್ಲಿ ನಿಂತೆ. ಸೀಮೆಸುಣ್ಣದ ಗುರುತು ಹಾಗೇ ಇತ್ತು. ತೊಟ್ಟಿಲ ಎತ್ತರ ಎಷ್ಟಿರುತ್ತದೆ, ಆ ಬಣ್ಣದ ಗೆರೆ ಎಷ್ಟು ಎತ್ತರವಿದೆ ಎಂದು ಕೈಯಲ್ಲೇ ಅಂದಾಜು ಮಾಡಿದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇಷ್ಟಾದ ಮೇಲೂ ನಿನ್ನೆ ಮನೆಗೆ ಬಂದು ಹೇಳಲಿಲ್ಲ. ಇವತ್ತೂ ಹೇಳಿಲ್ಲ. ಇಲ್ಲಿ ನಾನೊಬ್ಬಳೇ ಓದುವುದು, ಇಲ್ಲಿಯಾದರೂ ನಿಜ ಬರೆಯಬೇಕು. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ನೀರು ಪ್ರತಿ ವರ್ಷ ಬರುವುದಿಲ್ಲವಂತೆ. ಮಹಡಿ ಇದೆ. ತೊಟ್ಟಿಲು ಮೇಲಿಟ್ಟರಾಯಿತು, ಮಂಡಿನೋವು ನಾನು ಸಹಿಸಿಕೊಂಡರಾಯಿತು. ಬೇರೆ ಮನೆ ಹುಡುಕಲು ದಿನವೆಲ್ಲಿದೆ? ಹೀಗೆ ಒಂದೊಂದೇ ಕಾರಣ ಜೋಡಿಸುತ್ತಾ ಹೋದೆ. ಆದರೆ ಬುಡದಲ್ಲಿರುವುದು ಒಂದೇ. ಆ ಹುಡುಗಿಯ ಎದುರಿಗೆ ನಿಂತು ನೀನು ಹೇಳಿದ್ದೇ ಸರಿ ಎನ್ನಬೇಕಲ್ಲ. ಅದಕ್ಕೆ ನನ್ನ ನಾಲಿಗೆ ಏಳುತ್ತಿಲ್ಲ. ಇಷ್ಟು ಸಣ್ಣವಳಾ ನಾನು?

ಮಧ್ಯಾಹ್ನ ಅವಳು ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದು ಹೇಳಿ, ಬಿಸಿ ಚಹಾ ಮಾಡಿಕೊಟ್ಟಳು. ಅರ್ಧ ಕುಡಿದು ಲೋಟ ಪಕ್ಕಕ್ಕಿಟ್ಟೆ.

ಫೆಬ್ರವರಿ ೧೭, ಸೋಮವಾರ

ಹೇಳಿದೆ.

ಬೆಳಿಗ್ಗೆ ನಗುಮುಖ ಬರುವ ಮೊದಲು. ಮಗ ಒಳ್ಳೆಯ ಅಂಗಿ ಹಾಕಿಕೊಂಡು ಸಿದ್ಧನಾಗಿದ್ದ. ಮುಂಗಡದ ಚೀಲ ಸೊಸೆಯ ತೊಡೆಯ ಮೇಲಿತ್ತು. "ಕೊಡಬೇಡ. ಆ ಬೀದಿಗೆ ನೀರು ಬರುತ್ತೆ," ಎಂದೆ. ಒಂದು ಸಲ ಶುರುವಾದ ಮೇಲೆ ದರ್ಜಿ, ಪರದೆ, ಫೋನ್ ತಂತಿ, ಆಚೆ ದಡ, ಎಲ್ಲ ಹೇಳಿದೆ. "ನೀನು ಹೇಳಿದ್ದೇ ಸರಿ" ಎಂದೂ ಹೇಳಿದೆ. ನಾಲಿಗೆ ಏನೂ ಕಳಚಿ ಬೀಳಲಿಲ್ಲ.

ಮಗ ಎದ್ದು ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಸೊಸೆ ಕೇಳಿದ್ದು ಇಷ್ಟೇ. "ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಶನಿವಾರ."

"ಇವತ್ತು ಸೋಮವಾರ."

"ಹೌದು."

ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಬರುತ್ತದೆ. ಅವಳು ಚೀಲವನ್ನು ಬೀರುವಿನಲ್ಲಿಟ್ಟು ಬಂದಳು. ನಗುಮುಖ ಬಂದಾಗ ನಾನೇ ಬಾಗಿಲಲ್ಲಿ ನಿಂತು ಕಳಿಸಿದೆ. ಮೊದಲ ಸಲ ಅವನು ನಗಲಿಲ್ಲ. "ನಾನು ಸುಳ್ಳು ಹೇಳಿಲ್ಲ ಅಮ್ಮ. ನೀರು ಬರುತ್ತಾ ಅಂತ ನೀವು ಕೇಳಲೇ ಇಲ್ಲ," ಎಂದ. ನಾನು ಕೇಳಿರಲಿಲ್ಲ, ಅದು ನಿಜ. ನನಗೆ ಗೊತ್ತಿತ್ತಲ್ಲ.

ಫೆಬ್ರವರಿ ೨೦, ಗುರುವಾರ

ಮೂರು ದಿನ ಮನೆಯಲ್ಲಿ ಮಾತು ಕಡಿಮೆ. ಇನ್ನು ಯಾವ ಬೀದಿಯ ಬಗ್ಗೆ ನಾನು ಏನು ಹೇಳಲಿ? ನನ್ನ ಊರೇ ಕೈತಪ್ಪಿ ಹೋದಂತಾಗಿದೆ.

ಇವತ್ತು ಸಂಜೆ ಸೊಸೆ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುತ್ತಾ, "ಹಳದಿ ಗೇಟಿನ ಮನೆ ಇನ್ನೂ ಹೋಗಿಲ್ಲವಂತೆ. ಮಾರೋರಿಗೆ ಬೇರೆ ಊರಿಗೆ ವರ್ಗ ಆಗಿದೆ, ಬೇಗ ಕೊಟ್ಟುಬಿಡ್ತಾರಂತೆ," ಎಂದಳು.

ನಾನು ಅಕ್ಕಿ ಆರಿಸುತ್ತಲೇ ಇದ್ದೆ.

"ಪಕ್ಕದ ಮನೇಲಿ ಬೆಂಕಿ ಅಂದ್ರಲ್ಲ ಅತ್ತೆ. ಆ ಕರೇಲಿ ಏನಿತ್ತು?"

ಯಾರೂ ಕೇಳಿರಲಿಲ್ಲ ಇದನ್ನು. ಹೇಳಿದೆ. ಒಬ್ಬಳು ಹೆಂಗಸು. ಎಲ್ಲರ ಹಾಗೇ ಅಳುತ್ತಿದ್ದಳು, ವಿಳಾಸ ಹೇಳುತ್ತಿರಲಿಲ್ಲ. ಗದರಿಸಿ ವಿಳಾಸ ತೆಗೆಸಿದೆ. ಗಾಡಿ ಹೊರಟಿತು. ಆಮೇಲೆ ಅವಳು, "ನಮ್ಮತ್ತೆ ಒಳಗಿದ್ದಾರೆ, ನಮ್ಮತ್ತೆ ಒಳಗಿದ್ದಾರೆ" ಎಂದಳು. ಫೋನು ಕೆಳಗೆ ಬಿದ್ದ ಸದ್ದು. ಅಷ್ಟೇ.

"ಅವರತ್ತೆ ಹೊರಗೆ ಬಂದ್ರಾ?"

"ಗೊತ್ತಿಲ್ಲ."

"ಇಷ್ಟು ವರ್ಷ ಆದ್ರೂ?"

"ನಮ್ಮ ಕೆಲಸವೇ ಹಾಗಮ್ಮ. ಗಾಡಿ ತಲುಪೋವರೆಗೆ ನಾವು. ಅಲ್ಲಿಂದ ಮುಂದೆ ಏನಾಯ್ತು ಅಂತ ಯಾರೂ ಫೋನ್ ಮಾಡಿ ಹೇಳಲ್ಲ. ಒಂದು ಕರೆಯದ್ದೂ ಕೊನೆ ನಂಗೆ ಗೊತ್ತಿಲ್ಲ."

"ಹಾಗಾದ್ರೆ ನಿಮಗೆ ಆ ಮನೆ ಇನ್ನೂ ಉರೀತಾನೇ ಇದೆ," ಎಂದಳು. ಆಮೇಲೆ, "ಭಾನುವಾರ ಹೋಗಿ ಕೇಳೋಣ ಬನ್ನಿ," ಎಂದಳು.

ಕೇಳುವುದೆಂದರೆ? ಹಾಗೆಲ್ಲ ಯಾರಾದರೂ ಕೇಳುತ್ತಾರಾ? ಬೇಡವೇ ಬೇಡ ಎಂದೆ.

ಫೆಬ್ರವರಿ ೨೩, ಭಾನುವಾರ

ಹೋದೆವು.

ಗಂಟೆ ಒತ್ತಿದ್ದು ಅವಳೇ. ನಾನು ಅವಳ ಹಿಂದೆ ಅಡಗಿ ನಿಂತಿದ್ದೆ. ಒಳಗೆ ಕೋಲು ಕುಟ್ಟುವ ಸದ್ದು. ಬಾಗಿಲು ತೆರೆದದ್ದು ಒಬ್ಬ ಮುದುಕಿ. ಬೆನ್ನು ಬಾಗಿದೆ, ಕಿವಿ ಮಂದ, ಕಣ್ಣು ಮಾತ್ರ ಚುರುಕು. ಸೊಸೆ ಗಟ್ಟಿಯಾಗಿ, "ಅಜ್ಜಿ, ತುಂಬಾ ಹಿಂದೆ ಈ ಮನೇಲಿ ಬೆಂಕಿ ಬಿದ್ದಿತ್ತಲ್ಲ?" ಎಂದಳು.

"ಬಿದ್ದಿತ್ತು. ಅದಕ್ಕೇನೀಗ?"

"ಆಗ ನೀವು..."

"ನಾನು ಒಳಗೇ ಇದ್ದೆ. ಎಳ್ಕೊಂಡು ಬಂದ್ರು. ಬಂದೋರು ನನ್ನ ಹೂಕುಂಡ ಎಲ್ಲಾ ತುಳಿದು ಹಾಕಿದ್ರು. ಒಂದಲ್ಲ ಎರಡಲ್ಲ. ಆಮೇಲೆ ಒಬ್ಬರಾದ್ರೂ ಬಂದು ಕೇಳಿದ್ರಾ? ಈಗ ಬಂದಿದ್ದೀರಾ ನೀವು?"

ನನ್ನ ಕಣ್ಣಲ್ಲಿ ದಳದಳ ನೀರು ಸುರಿಯಿತು. ನಿಲ್ಲಿಸಲು ಆಗಲೇ ಇಲ್ಲ. ಮುದುಕಿಗೆ ಗಾಬರಿಯಾಗಿ, "ಅಯ್ಯೋ, ಹೂಕುಂಡ ಹೋದ್ರೆ ಹೋಯ್ತು ಬಿಡಮ್ಮ, ಅದಕ್ಯಾಕೆ ಅಳ್ತೀಯ," ಎಂದು ನನ್ನ ಕೈ ಹಿಡಿದು ಒಳಗೆ ಕರೆದಳು. ಅಂದು ಫೋನ್ ಮಾಡಿದ ಅವರ ಸೊಸೆ ಅಡುಗೆಮನೆಯಿಂದ ಹೊರಬಂದಳು. ಅವಳ ಕೂದಲೂ ಈಗ ಬೆಳ್ಳಗಾಗಿದೆ. ನಾನು ಯಾರೆಂದು ಹೇಳಿದೆವು. ಅವಳು ನನ್ನ ಮುಂದೆ ಕೂತವಳು ಮತ್ತೆ ಎದ್ದು ಹೋಗಿ ನೀರು ತಂದುಕೊಟ್ಟಳು. "ನೀವು ಅವತ್ತು ನನ್ನ ಬೈದ್ರಿ. ಬೈದಿದ್ದಕ್ಕೇ ವಿಳಾಸ ಬಾಯಿಗೆ ಬಂತು," ಎಂದಳು.

ಹೊರಗೆ ಬಂದು ನಮ್ಮ ಹುಡುಗಿ ಹಳದಿ ಗೇಟಿಗೆ ಒರಗಿ, "ಈಗ ಹೇಗೆ ಕಾಣುತ್ತೆ ಅತ್ತೆ?" ಎಂದಳು. ಮತ್ತೆ ಒಳಗೆ ಹೋಗಿ ನೋಡಿದೆ, ನಡುಮನೆಯಲ್ಲಿ ಬೆಳಕು ನಿಜಕ್ಕೂ ಚೆನ್ನಾಗಿದೆ. ಕಿಟಕಿ ತೆರೆದಾಗ ಇನ್ನೂ ಚೆನ್ನ.

ಮಾರ್ಚ್ ೬, ಗುರುವಾರ

ನಗರ ಯೋಜನೆ ಕಚೇರಿಗೆ ಇವತ್ತು ನಾವಿಬ್ಬರೂ ಹೋದೆವು. ಆ ನಕ್ಷೆ ಗೋಡೆ ತುಂಬ ಇದೆ. ನೀಲಿ ಎಲ್ಲಿದೆ ಎಂದು ಮೊದಲು ನೋಡಿದೆ. ಹಳದಿ ಗೇಟಿನಿಂದ ಅದು ದೂರವಿದೆ. ಆದರೆ ಬೀದಿಯ ಉದ್ದಕ್ಕೂ ಒಂದು ಕೆಂಪು ಗೆರೆ. ಅಲ್ಲಿನ ಗುಮಾಸ್ತ, "ಮುಂದೆ ರಸ್ತೆ ಅಗಲ ಮಾಡ್ತಾರೆ. ನಿಮ್ಮ ಗೇಟು, ಕಾಂಪೌಂಡು ಹೋಗುತ್ತೆ. ಮನೆಗೆ ತೊಂದ್ರೆ ಇಲ್ಲ," ಎಂದ. ಎದುರಿನ ಖಾಲಿ ಜಾಗದಲ್ಲಿ ನಾಲ್ಕು ಅಂತಸ್ತು ಕಟ್ಟಲು ಅವಕಾಶವಿದೆಯಂತೆ. ಯಾರಾದರೂ ಕಟ್ಟಿದರೆ ಬೆಳಗಿನ ಬಿಸಿಲು ಹೋಗುತ್ತದೆ.

ನನ್ನ ಪ್ರಶ್ನೆ ಮುಗಿಯಲೇ ಇಲ್ಲ. ಮೋರಿ ಎಲ್ಲಿ, ಹಳೆಯ ಕೆರೆಯ ಜಾಗವಾ, ಎತ್ತರ ಎಷ್ಟು, ಹೆಚ್ಚಿಗೆ ಒಂದು ಕೋಣೆ ಕಟ್ಟಬಹುದಾ. "ಅಲ್ಲಿಂದ ಫೋನ್ ಮಾಡಿದ್ರೆ ಯಾವ ಕಂಟ್ರೋಲ್ ರೂಮಿಗೆ ಹೋಗುತ್ತೆ?" ಎಂದೂ ಕೇಳಿದೆ. "ಅದನ್ನ ಯಾರೂ ಕೇಳಲ್ಲಮ್ಮ ಇಲ್ಲಿ," ಎಂದ ಗುಮಾಸ್ತ. ನಮ್ಮ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ದೋಷವಿಲ್ಲದ ಮನೆ ಸಿಗುವುದಿಲ್ಲ. ದೋಷ ಏನೆಂದು ತಿಳಿದು ಹೋದರೆ ಸಾಕು. ಗೇಟು ಹೋದರೆ ಹೋಗಲಿ.

ಮೇ ೨೫, ಭಾನುವಾರ

ಬಂದು ಸೇರಿದೆವು. ಸಾಮಾನು ಇನ್ನೂ ಅರ್ಧ ಬಿಚ್ಚಿಲ್ಲ. ಪಕ್ಕದ ಮನೆಯ ಮುದುಕಿ ಕೋಲು ಕುಟ್ಟಿಕೊಂಡು ಬಂದು, ಎಲ್ಲ ಕೋಣೆ ನೋಡಿ, ಪರದೆ ನೆಲ ಮುಟ್ಟುತ್ತದೆ, ಕಸ ಕೂರುತ್ತದೆ ಎಂದು ಬೈದು ಹೋದಳು. ಮುಟ್ಟಲಿ ಬಿಡು. ನಾನು ಅವಳಿಗೆ ಎರಡು ಹೂಕುಂಡ ತಂದುಕೊಟ್ಟೆ.

ಜೂನ್ ೨೧, ಶನಿವಾರ

ನಿನ್ನೆಯದು ಇವತ್ತು ಬರೆಯುತ್ತಿದ್ದೇನೆ.

ಮಧ್ಯಾಹ್ನ, ಧೋ ಎಂದು ಮಳೆ. ಮಗ ಬಸ್ಸಿನಲ್ಲಿದ್ದ. ಅವಳು ಬಾಗಿಲಿನ ಚೌಕಟ್ಟು ಹಿಡಿದು, "ಅತ್ತೆ, ನೋವು," ಎಂದಳು. ವೈದ್ಯರು ಹೇಳಿದ ದಿನ ಇನ್ನೂ ದೂರವಿತ್ತು. ಹೆರಿಗೆಯ ನೀರು ಒಡೆದು ನೆಲ ಒದ್ದೆ. ನಾನು ಫೋನ್ ತೆಗೆದು ಆ ನಂಬರ್ ಒತ್ತಿದೆ. ಜೀವಮಾನದಲ್ಲಿ ಮೊದಲ ಸಲ.

"ತುರ್ತು ಸೇವೆ, ಹೇಳಿ. ಎಲ್ಲಿಂದ ಮಾತಾಡ್ತಿದ್ದೀರಾ?"

ನನ್ನ ಬಾಯಿಂದ ವಿಳಾಸ ಬರಲಿಲ್ಲ. ಎಷ್ಟು ಜನರನ್ನು ಇದಕ್ಕಾಗಿ ಗದರಿಸಿದ್ದೇನೆ. "ಮಗಳಿಗೆ ನೋವು ಶುರುವಾಗಿದೆ, ಹಳದಿ ಗೇಟು, ಹಳದಿ ಗೇಟು," ಎಂದೆ. ಮತ್ತೆ ಅದೇ ಎಂದೆ. ಆ ಕಡೆಯ ಹುಡುಗಿ ಗದರಿಸಲಿಲ್ಲ. "ಅಮ್ಮ, ಉಸಿರು ತಗೊಳ್ಳಿ. ಬಾಗ್ಲಲ್ಲಿ ನಿಂತ್ರೆ ಎದುರಿಗೆ ಏನು ಕಾಣ್ಸುತ್ತೆ ಹೇಳಿ," ಎಂದಳು. ಖಾಲಿ ಜಾಗ ಎಂದೆ. ಅಲ್ಲಿಂದ ಬೀದಿಯ ಹೆಸರು ಬಂತು, ಮನೆ ನಂಬರೂ ಬಂತು. "ಗಾಡಿ ಹೊರಟಿದೆ. ಫೋನ್ ಇಡಬೇಡಿ, ನಾನು ಇದ್ದೀನಿ," ಎಂದಳು. ಇದನ್ನೇ ನಾನು ಸಾವಿರ ಸಲ ಹೇಳಿದ್ದೇನೆ. ಕೇಳಿಸಿಕೊಳ್ಳುವವರಿಗೆ ಅದು ಏನು ಎಂದು ನಿನ್ನೆಯೇ ಗೊತ್ತಾದದ್ದು.

ಗಾಡಿ ಬಂತು. ಗಡಿಬಿಡಿಯಲ್ಲಿ ಫೋನು ನನ್ನ ಕೈಯಿಂದ ನೆಲಕ್ಕೆ ಬಿತ್ತು. ಆಸ್ಪತ್ರೆಯಲ್ಲಿ ಏನೇನಾಯಿತು ಎಂದು ಬರೆಯಲು ಈಗ ತ್ರಾಣವಿಲ್ಲ. ಕೂಸಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರ್ ಹೇಳಿ ಮುಂದಿನ ಮಾತು ನಿಲ್ಲಿಸಿದರು. ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದೆ. ನೆಲ ಒರೆಸಿದೆ. ಬಿದ್ದ ಫೋನು ಎತ್ತಿಕೊಂಡಾಗ ನೆನಪಾಯಿತು. ಕಂಟ್ರೋಲ್ ರೂಮಿನ ಆಫೀಸ್ ನಂಬರ್ ನನಗೆ ಬಾಯಿಪಾಠ. ನಿನ್ನೆ ಮಧ್ಯಾಹ್ನ ಹಳದಿ ಗೇಟಿನ ಕರೆ ತೆಗೆದುಕೊಂಡ ಹುಡುಗಿಗೆ ಕೊಡಿ ಎಂದೆ. ಬಹಳ ಹೊತ್ತು ಕಾಯಿಸಿದರು.

"ಹೇಳಿ ಅಮ್ಮ. ಏನಾದ್ರೂ ದೂರು ಇತ್ತಾ?" ದನಿಯಲ್ಲಿ ಭಯವಿತ್ತು. ನಮಗೆ ಯಾರಾದರೂ ಮತ್ತೆ ಫೋನ್ ಮಾಡಿದರೆ ಅದು ಬೈಯುವುದಕ್ಕೇ.

"ದೂರಲ್ಲ ಕಣಮ್ಮ. ಆಮೇಲೆ ಏನಾಯ್ತು ಅಂತ ಹೇಳೋಣ ಅಂತ."

ಆ ಕಡೆ ಕುರ್ಚಿ ಎಳೆದ ಸದ್ದು.

"ಹೆಣ್ಣು ಮಗು. ಗಾಡಿ ಸರಿಯಾದ ಹೊತ್ತಿಗೆ ಬಂತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ."

ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. ಏನೋ ಹೇಳಲು ಹೋದಳು. ಅಷ್ಟರಲ್ಲಿ ಅವಳ ಹಿಂದೆ ಇನ್ನೊಂದು ಫೋನು ರಿಂಗಾಗತೊಡಗಿತು.

"ಹೋಗಮ್ಮ, ಅದನ್ನ ತಗೋ," ಎಂದು ಹೇಳಿ ನಾನೇ ಇಟ್ಟೆ.